ಲೆಕ್ಕದ ಮಾತ್ರೆ

ಮಕ್ಕಳೇ, ‘ಕಾಗೆ ಹಾರಿತು’ ಆಟ ಆಡಿದ್ದೀರಾ? ಆಡಿಲ್ಲದಿದ್ದರೆ ಇವತ್ತೇ ಊಟದ ಬಿಡುವಿನಲ್ಲಿ ಆಡಿ ನೋಡಿ. ಎಲ್ಲರೂ ದುಂಡಗೆ ಕುಳಿತು ತೋರುಬೆರಳನ್ನು ನೆಲಕ್ಕೆ ಊರಬೇಕು. ಒಬ್ಬರು “ಕಾಗೆ ಹಾರಿತು”, “ಗುಬ್ಬಿ ಹಾರಿತು”, “ಗಿಳಿ ಹಾರಿತು” ಎಂದು ಬೇಗಬೇಗ ಹೇಳುತ್ತಾ ಹೋಗಬೇಕು. ಪ್ರತಿ ಸಲವೂ ಉಳಿದವರು ಬೆರಳು ಎತ್ತಬೇಕು. ನಡುವೆ ಇದ್ದಕ್ಕಿದ್ದಂತೆ “ಎಮ್ಮೆ ಹಾರಿತು” ಎನ್ನುತ್ತಾರೆ. ಆಗ ಮಾತ್ರ ಎತ್ತಬಾರದು. ಆದರೂ ಯಾರದಾದರೊಂದು ಬೆರಳು ಮೇಲೆದ್ದೇ ಬಿಡುತ್ತದೆ. ಎಲ್ಲರೂ ಗೊಳ್ಳೆಂದು ನಗುತ್ತಾರೆ.

ಬೆರಳು ಎತ್ತಿದವರಿಗೆ ಎಮ್ಮೆ ಹಾರುವುದಿಲ್ಲ ಎಂಬುದು ಗೊತ್ತಿರಲಿಲ್ಲವೇ? ಖಂಡಿತ ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ಏಳುತ್ತಿರುವ ಬೆರಳನ್ನು ತಡೆಯುವುದು ಬೇರೆ. ತಡೆಯುವುದಕ್ಕೆ ಮೆದುಳು ಪ್ರತ್ಯೇಕವಾಗಿ ಕೆಲಸ ಮಾಡಬೇಕು. ಮೆದುಳನ್ನು ಅಧ್ಯಯನ ಮಾಡುವ ವಿಜ್ಞಾನಿಗಳೂ ಪ್ರಯೋಗಾಲಯದಲ್ಲಿ ಇಂಥದೇ ಆಟ ಆಡಿಸುತ್ತಾರೆ. ಕಂಪ್ಯೂಟರ್ ಪರದೆಯ ಮೇಲೆ ಒಂದು ಗುರುತು ಬಂದರೆ ಗುಂಡಿ ಒತ್ತಬೇಕು, ಇನ್ನೊಂದು ಬಂದರೆ ಸುಮ್ಮನಿರಬೇಕು. ಸುಮ್ಮನಿರಬೇಕಾದಾಗ ಎಷ್ಟು ಸಲ ಒತ್ತಿದರು ಎಂದು ಲೆಕ್ಕ ಇಡುತ್ತಾರೆ.

ಈಗ ಒಂದು ತರಗತಿಯನ್ನು ಊಹಿಸಿಕೊಳ್ಳಿ. ಅಲ್ಲೊಬ್ಬ ಹುಡುಗನಿದ್ದಾನೆ. ಮೇಷ್ಟ್ರು ಪ್ರಶ್ನೆ ಕೇಳಿ ಮುಗಿಸುವ ಮೊದಲೇ ಉತ್ತರ ಕೂಗುತ್ತಾನೆ. ಹತ್ತು ನಿಮಿಷ ಒಂದೆಡೆ ಕೂರಲಾರ. ನೀರು ಕುಡಿಯಲು ಹೋದವನು ಇರುವೆಗಳ ಸಾಲು ನೋಡುತ್ತಾ ಮೈದಾನದಲ್ಲೇ ನಿಂತುಬಿಡುತ್ತಾನೆ. ಒಂದೇ ತಿಂಗಳಲ್ಲಿ ಮೂರು ಪೆನ್ನು, ಒಂದು ಛತ್ರಿ ಕಳೆದುಕೊಳ್ಳುತ್ತಾನೆ. ಲೆಕ್ಕ ಮಾಡುವ ವಿಧಾನ ಅವನಿಗೆ ಬರುತ್ತದೆ. ಆದರೆ ನಾಲ್ಕನೆಯ ಸಾಲಿನಲ್ಲಿ ಕೂಡುವ ಬದಲು ಕಳೆದಿರುತ್ತಾನೆ. ಬೈದರೆ ಅಳುತ್ತಾನೆ. ನಾಳೆಯಿಂದ ಸರಿಯಾಗಿರುತ್ತೇನೆ ಎನ್ನುತ್ತಾನೆ. ಮನಸ್ಸಿನಿಂದಲೇ ಹೇಳುತ್ತಾನೆ. ನಾಳೆ ಮತ್ತೆ ಅದೇ ಕಥೆ.

ಇನ್ನೊಂದು ಬೆಂಚಿನಲ್ಲಿ ಒಬ್ಬಳು ಹುಡುಗಿ. ಅವಳದು ಗಲಾಟೆಯೇ ಇಲ್ಲ. ಪಾಠ ಶುರುವಾಗಿ ಸ್ವಲ್ಪ ಹೊತ್ತಿಗೆ ಅವಳ ಕಣ್ಣು ಕಿಟಕಿಯ ಆಚೆ ಇರುತ್ತದೆ. ಹೆಸರು ಹಿಡಿದು ಕರೆದರೆ ಬೆಚ್ಚಿ ಬೀಳುತ್ತಾಳೆ. ಮನೆಗೆಲಸ ಮಾಡಿರುತ್ತಾಳೆ, ಪುಸ್ತಕ ಮನೆಯಲ್ಲೇ ಮರೆತಿರುತ್ತಾಳೆ.

ಇಂಥವರಿಗೆ ನಾವು ಸುಲಭವಾಗಿ ಹೆಸರಿಡುತ್ತೇವೆ. ತುಂಟ, ಸೋಮಾರಿ, ಕನಸುಗಾತಿ! ಮನೆಯವರು ದೃಷ್ಟಿ ತಾಗಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸುವುದೂ ಉಂಟು. ಆದರೆ ಇಂಥ ಕೆಲವು ಮಕ್ಕಳಲ್ಲಿ ಕಾರಣ ಮೆದುಳು ಕೆಲಸ ಮಾಡುವ ರೀತಿಯಲ್ಲಿದೆ. ವೈದ್ಯರು ಇದನ್ನು ಎ.ಡಿ.ಎಚ್.ಡಿ. ಎಂದು ಕರೆಯುತ್ತಾರೆ. ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ ಎಂದು ಕನ್ನಡದಲ್ಲಿ ಹೇಳಬಹುದು. ಪ್ರಪಂಚದಲ್ಲಿ 100 ಮಕ್ಕಳಲ್ಲಿ ಸುಮಾರು 5 ಮಕ್ಕಳಿಗೆ ಇದು ಇರುತ್ತದೆ ಎಂದು ಅಂದಾಜು.

ಇದಕ್ಕೆ ಔಷಧವೂ ಇದೆ. ಅದು ಸೇರಿದ ಗುಂಪಿನ ಹೆಸರು ಕೇಳಿದರೆ ನಿಮಗೆ ಆಶ್ಚರ್ಯವಾಗಬಹುದು. ಅವು ‘ಉತ್ತೇಜಕ’ಗಳು! ಅಂದರೆ ಚುರುಕುಗೊಳಿಸುವ, ನಿದ್ದೆ ಓಡಿಸುವ ಔಷಧಗಳು. ಮೊದಲೇ ಒಂದೆಡೆ ನಿಲ್ಲದ ಹುಡುಗನಿಗೆ ಉತ್ತೇಜಕವೇ? ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಾಗುವುದಿಲ್ಲವೇ? ಈ ಒಗಟು ಹುಟ್ಟಿದ್ದು ಸುಮಾರು ತೊಂಬತ್ತು ವರ್ಷಗಳ ಹಿಂದೆ, ಅಮೆರಿಕದ ಒಂದು ಆಸ್ಪತ್ರೆಯಲ್ಲಿ.

ತಲೆನೋವಿನ ಮಾತ್ರೆ ಮಾಡಿದ ಕೆಲಸ

ಅಮೆರಿಕದ ರೋಡ್ ಐಲೆಂಡ್ ರಾಜ್ಯದಲ್ಲಿ ಬ್ರಾಡ್ಲಿ ಹೋಮ್ ಎಂಬ ಮಕ್ಕಳ ಆಸ್ಪತ್ರೆ 1931ರಲ್ಲಿ ಆರಂಭವಾಯಿತು. ನಡವಳಿಕೆಯಲ್ಲಿ ಬೇರೆ ಬೇರೆ ತೊಂದರೆಗಳಿದ್ದ ಮಕ್ಕಳು ಅಲ್ಲೇ ಇದ್ದು, ಅಲ್ಲಿನ ಶಾಲೆಯಲ್ಲೇ ಓದುತ್ತಿದ್ದರು. ಡಾ. ಚಾರ್ಲ್ಸ್ ಬ್ರಾಡ್ಲಿ ಅಲ್ಲಿನ ವೈದ್ಯರು.

ಆ ಕಾಲದಲ್ಲಿ ಮೆದುಳಿನ ಚಿತ್ರ ತೆಗೆಯುವುದು ಬಹಳ ಕಷ್ಟದ ಕೆಲಸ. ಬೆನ್ನಿನಲ್ಲಿ ಸೂಜಿ ಚುಚ್ಚಿ, ಮೆದುಳು ಮತ್ತು ಮಿದುಳುಬಳ್ಳಿಯ ಸುತ್ತ ಇರುವ ದ್ರವವನ್ನು ಹೊರತೆಗೆದು, ಆ ಜಾಗಕ್ಕೆ ಗಾಳಿ ತುಂಬಿ, ಆಮೇಲೆ ಎಕ್ಸ್‌ರೇ ತೆಗೆಯುತ್ತಿದ್ದರು. ಅನಂತರ ಮಕ್ಕಳಿಗೆ ತಡೆಯಲಾರದಷ್ಟು ತಲೆನೋವು ಬರುತ್ತಿತ್ತು. ದ್ರವ ಮತ್ತೆ ಬೇಗ ತುಂಬಿಕೊಂಡರೆ ನೋವು ಇಳಿಯಬಹುದು ಎಂದು ಯೋಚಿಸಿ ಬ್ರಾಡ್ಲಿ ಅವರು ಬೆಂಜೆಡ್ರಿನ್ ಎಂಬ ಔಷಧ ಕೊಟ್ಟರು. ಅದರಲ್ಲಿ ಇದ್ದದ್ದು ಆಂಫೆಟಮಿನ್ ಎಂಬ ಉತ್ತೇಜಕ.

ತಲೆನೋವಿಗೆ ಅದರಿಂದ ಹೇಳಿಕೊಳ್ಳುವಂಥ ಪ್ರಯೋಜನವಾಗಲಿಲ್ಲ. ಆದರೆ ಶಾಲೆಯ ಶಿಕ್ಷಕರು ಬೇರೇನನ್ನೋ ಗಮನಿಸಿದರು. ಮಾತ್ರೆ ತೆಗೆದುಕೊಂಡ ಕೆಲವು ಮಕ್ಕಳು ಕುಳಿತು ಓದುತ್ತಿದ್ದರು! ಹಿಡಿದ ಕೆಲಸ ಮುಗಿಸುತ್ತಿದ್ದರು.

ಬ್ರಾಡ್ಲಿ ಈ ಮಾತನ್ನು ಅಷ್ಟಕ್ಕೇ ಬಿಡಲಿಲ್ಲ. 5ರಿಂದ 14 ವರ್ಷದ 30 ಮಕ್ಕಳಿಗೆ ಒಂದು ವಾರ ಬೆಳಗಿನ ಹೊತ್ತು ಆ ಔಷಧ ಕೊಟ್ಟು ನೋಡಿದರು. 14 ಮಕ್ಕಳ ಓದಿನಲ್ಲಿ ಎದ್ದು ಕಾಣುವ ಸುಧಾರಣೆಯಾಯಿತು. ಉಳಿದವರಲ್ಲಿ ಅಷ್ಟಾಗಿ ಆಗಲಿಲ್ಲ. ಔಷಧ ನಿಲ್ಲಿಸಿದ ಕೂಡಲೇ ಎಲ್ಲರೂ ಮೊದಲಿನಂತೆಯೇ ಆದರು. ಇದನ್ನು ಅವರು 1937ರಲ್ಲಿ ಪ್ರಕಟಿಸಿದರು. (ಇಂದಾದರೆ ಮಕ್ಕಳ ಮೇಲೆ ಹೀಗೆ ಔಷಧ ಪರೀಕ್ಷಿಸುವ ಮೊದಲು ತಂದೆತಾಯಿಯರ ಒಪ್ಪಿಗೆ ಬೇಕು, ಪರಿಶೀಲನಾ ಸಮಿತಿಯ ಅನುಮತಿ ಬೇಕು. ಹಾಗೆ ಇರುವುದೇ ಸರಿ.) ಮಕ್ಕಳಿಗೆ ಇಷ್ಟೆಲ್ಲ ವಿವರ ಬೇಕಿರಲಿಲ್ಲ. ಅವರು ಅದಕ್ಕೆ ತಾವೇ ಒಂದು ಹೆಸರಿಟ್ಟರು: ‘ಲೆಕ್ಕದ ಮಾತ್ರೆ’!

ಮಾತ್ರೆಯೊಳಗೆ ಲೆಕ್ಕ ಇರುತ್ತದೆಯೇ? ಇರಲಾರದು. ಹಾಗಾದರೆ ಅದು ಏನು ಮಾಡಿತು? ಬ್ರಾಡ್ಲಿಯವರಿಗೂ ಇದಕ್ಕೆ ಖಚಿತ ಉತ್ತರ ಗೊತ್ತಿರಲಿಲ್ಲ. ಉತ್ತರ ಬೇಕಿದ್ದರೆ ನಾವು ಮೆದುಳಿನೊಳಕ್ಕೆ ಇಳಿಯಬೇಕು.

ಹಣೆಯ ಹಿಂದಿನ ಬ್ರೇಕು

ನಿಮ್ಮ ಅಂಗೈಯನ್ನು ಹಣೆಯ ಮೇಲೆ ಇಟ್ಟುಕೊಳ್ಳಿ. ಆ ಮೂಳೆಯ ಹಿಂದೆ ಇರುವುದು ಮೆದುಳಿನ ಮುಂಭಾಗ. ‘ಎಮ್ಮೆ ಹಾರಿತು’ ಎಂದಾಗ ಬೆರಳನ್ನು ತಡೆದು ಹಿಡಿಯಲು ಮುಖ್ಯವಾಗಿ ಬೇಕಾದದ್ದು ಈ ಭಾಗ. ಹೊರಗೆ ಟ್ರ್ಯಾಕ್ಟರ್ ಸದ್ದಾದರೂ ಪುಸ್ತಕದ ಮೇಲೆ ಕಣ್ಣು ಉಳಿಸುವುದು, ಮೇಷ್ಟ್ರು ಹೇಳಿದ ಮೂರು ಕೆಲಸಗಳನ್ನು ನೆನಪಿಟ್ಟು ಒಂದಾದ ಮೇಲೊಂದು ಮಾಡುವುದು, ಈಗ ಬೇಡ ಆಮೇಲೆ ಎಂದು ಮನಸ್ಸಿಗೆ ಹೇಳುವುದು ಎಲ್ಲಕ್ಕೂ ಈ ಭಾಗ ಬೇಕು. ಆದರೆ ಇದು ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಮೆದುಳಿನ ಆಳದಲ್ಲಿರುವ ಸ್ಟ್ರಯೇಟಮ್ ಎಂಬ ಭಾಗದೊಡನೆ ಸದಾ ಸಂಪರ್ಕದಲ್ಲಿರುತ್ತದೆ. ಯಾವ ಕೆಲಸ ಮಾಡಿದರೆ ಖುಷಿ ಸಿಗುತ್ತದೆ, ಯಾವುದನ್ನು ಈಗ ಶುರು ಮಾಡಬೇಕು ಎಂದು ನಿರ್ಧರಿಸುವುದರಲ್ಲಿ ಅದರ ಪಾತ್ರ ದೊಡ್ಡದು.

ಮೆದುಳಿನ ಭಾಗಗಳೆಲ್ಲ ಒಂದೇ ಸಲ ಬಲಿಯುವುದಿಲ್ಲ. ಕಣ್ಣು, ಕೈಕಾಲುಗಳಿಗೆ ಸಂಬಂಧಿಸಿದ ಭಾಗಗಳು ಬೇಗ ಬಲಿಯುತ್ತವೆ. ಹಣೆಯ ಹಿಂದಿನ ಭಾಗ ಪೂರ್ತಿ ಬಲಿಯುವುದು ಇಪ್ಪತ್ತು ವರ್ಷ ದಾಟಿದ ಮೇಲೆ. 2007ರಲ್ಲಿ ಅಮೆರಿಕದ ವಿಜ್ಞಾನಿ ಫಿಲಿಪ್ ಶಾ ಮತ್ತು ಸಂಗಡಿಗರು ಎ.ಡಿ.ಎಚ್.ಡಿ. ಇದ್ದ 223 ಮಕ್ಕಳ ಮತ್ತು ಇಲ್ಲದ 223 ಮಕ್ಕಳ ಮೆದುಳಿನ ಎಂ.ಆರ್.ಐ. ಚಿತ್ರಗಳನ್ನು ಹೋಲಿಸಿದರು. ಬೆಳೆಯುವಾಗ ಮೆದುಳಿನ ಹೊರಪದರ ದಪ್ಪವಾಗುತ್ತಾ ಹೋಗಿ, ಒಂದು ಹಂತ ಮುಟ್ಟಿ, ಮತ್ತೆ ತೆಳುವಾಗುತ್ತದೆ. ಹೊರಪದರದ ಅರ್ಧದಷ್ಟು ಜಾಗ ಆ ಹಂತ ಮುಟ್ಟಲು ಸಾಮಾನ್ಯ ಮಕ್ಕಳಲ್ಲಿ ಏಳೂವರೆ ವರ್ಷ ಬೇಕಾಗಿತ್ತು. ಎ.ಡಿ.ಎಚ್.ಡಿ. ಇದ್ದವರಲ್ಲಿ ಹತ್ತೂವರೆ ವರ್ಷ. ಹಿಂದೆ ಬಿದ್ದದ್ದರಲ್ಲಿ ಮುಖ್ಯವಾದದ್ದು ಹಣೆಯ ಹಿಂದಿನ ಭಾಗ. ಆದರೆ ಕೈಕಾಲು ಆಡಿಸುವ ಭಾಗ ಮಾತ್ರ ಅವರಲ್ಲಿ ಸ್ವಲ್ಪ ಮುಂಚೆಯೇ ಬಲಿತಿತ್ತು!

ಬ್ರೇಕ್ ವೈರ್ ಸಡಿಲವಾದ ಸೈಕಲ್ಲನ್ನು ಇಳಿಜಾರಿನಲ್ಲಿ ಬಿಟ್ಟಿದ್ದೀರಾ? ಪೆಡಲ್ ಚೆನ್ನಾಗಿದೆ, ಚಕ್ರ ಚೆನ್ನಾಗಿದೆ, ನಿಲ್ಲಿಸುವುದು ಮಾತ್ರ ಕಷ್ಟ. ಆ ಹುಡುಗನ ಪಾಡೂ ಹೆಚ್ಚು ಕಡಿಮೆ ಅದೇ. ಅವನ ಬುದ್ಧಿಶಕ್ತಿಗೂ ಇದಕ್ಕೂ ಸಂಬಂಧ ಕಲ್ಪಿಸಬಾರದು. ಬಹಳ ಜಾಣರಲ್ಲೂ ಎ.ಡಿ.ಎಚ್.ಡಿ. ಇರುತ್ತದೆ.

ಇದು ಬರುವುದು ಏಕೆ? ಬಹುಮಟ್ಟಿಗೆ ಹುಟ್ಟಿನಿಂದ. ನಿಮ್ಮ ಎತ್ತರ ತಂದೆತಾಯಿಯರಿಂದ ಬಂದ ಹಾಗೆ. ಅದರ ಹಿಂದೆ ಒಂದೇ ಜೀನ್ ಇಲ್ಲ, ಪುಟ್ಟ ಪುಟ್ಟ ಪ್ರಭಾವದ ಅನೇಕ ಜೀನ್‌ಗಳಿವೆ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಕ್ಕಳಲ್ಲಿ ಇದು ಸ್ವಲ್ಪ ಹೆಚ್ಚು. ಅಮ್ಮ ಸರಿಯಾಗಿ ಬೆಳೆಸಲಿಲ್ಲ ಎಂದು ದೂರುವುದು ತಪ್ಪು.

ಗದ್ದೆ, ನೀರು ಮತ್ತು ಪಂಪು

ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದು ನರಕೋಶದಿಂದ ಇನ್ನೊಂದಕ್ಕೆ ಸುದ್ದಿ ಹೋಗಬೇಕು. ಆದರೆ ಎರಡರ ನಡುವೆ ಸಣ್ಣ ಸಂದು ಇರುತ್ತದೆ. ಎಷ್ಟು ಸಣ್ಣದು? ಒಂದು ಮಿಲಿಮೀಟರನ್ನು ಐವತ್ತು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು! ನರಕೋಶದೊಳಗೆ ವಿದ್ಯುತ್ತಿನ ರೂಪದಲ್ಲಿ ಓಡಿಬಂದ ಸುದ್ದಿ ಇಲ್ಲಿ ನಿಲ್ಲುತ್ತದೆ. ಈ ದಡದ ಕೋಶ ಒಂದು ರಾಸಾಯನಿಕವನ್ನು ಸಂದಿಗೆ ಬಿಡುತ್ತದೆ. ಆ ದಡದ ಕೋಶದ ಮೇಲೆ ಅದನ್ನು ಹಿಡಿಯುವ ಗ್ರಾಹಕಗಳಿರುತ್ತವೆ. ಹಿಡಿದರೆ ಸುದ್ದಿ ತಲುಪಿದ ಹಾಗೆ. ಇಂಥ ರಾಸಾಯನಿಕಗಳಲ್ಲಿ ನಮ್ಮ ಕಥೆಗೆ ಬೇಕಾದವು ಎರಡು: ಡೋಪಮಿನ್ ಮತ್ತು ನಾರ್‌ಅಡ್ರಿನಲಿನ್. ಡೋಪಮಿನ್ ಹೀಗೆ ಸುದ್ದಿ ಒಯ್ಯುತ್ತದೆ ಎಂದು 1950ರ ದಶಕದ ಕೊನೆಯಲ್ಲಿ ತೋರಿಸಿದವರು ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್. ಅವರಿಗೆ 2000ದಲ್ಲಿ ನೊಬೆಲ್ ಬಹುಮಾನ ಬಂತು.

ಬಿಟ್ಟ ಡೋಪಮಿನ್ ಸಂದಿನಲ್ಲೇ ಉಳಿದರೆ ಹಳೆಯ ಸುದ್ದಿಯೇ ಮತ್ತೆ ಮತ್ತೆ ಕೇಳುತ್ತಿರುತ್ತದೆ. ಅದಕ್ಕಾಗಿ ಕಳಿಸಿದ ಕೋಶವೇ ಅದನ್ನು ಮತ್ತೆ ಒಳಕ್ಕೆ ಎಳೆದುಕೊಳ್ಳುತ್ತದೆ. ಎಳೆದುಕೊಳ್ಳಲು ಅದರ ಗೋಡೆಯಲ್ಲಿ ಪುಟ್ಟ ಪಂಪುಗಳಿವೆ.

ಇದನ್ನು ಒಂದು ಗದ್ದೆಯ ಹಾಗೆ ಯೋಚಿಸಿ. ಕಾಲುವೆಯಿಂದ ಗದ್ದೆಗೆ ನೀರು ಬಿಡುತ್ತಾರೆ. ಬದುವಿನ ಮೇಲೆ ಒಂದು ಪಂಪು ಕೂತು ಅದೇ ನೀರನ್ನು ವಾಪಸು ಎಳೆಯುತ್ತಿದೆ. ಬೇರು ಕುಡಿಯುವಷ್ಟು ಹೊತ್ತು ನೀರು ನಿಂತರೆ ಪೈರು ಚೆನ್ನ. ಅದಕ್ಕೆ ಮೊದಲೇ ನೀರು ಖಾಲಿಯಾದರೆ ಪೈರು ಬಾಡುತ್ತದೆ. ಎ.ಡಿ.ಎಚ್.ಡಿ. ಎಂದರೆ ಡೋಪಮಿನ್ ಕಡಿಮೆ, ಅಷ್ಟೆ ಎಂದು ಕೆಲವರು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತಾರೆ. ವಿಷಯ ಅಷ್ಟು ಸರಳವಿಲ್ಲ. ಅನೇಕ ಜಾಲಗಳಲ್ಲಿ ಸಣ್ಣ ಸಣ್ಣ ವ್ಯತ್ಯಾಸಗಳಿವೆ. ಆದರೆ ಔಷಧ ಕೆಲಸ ಮಾಡುವ ಜಾಗ ಮಾತ್ರ ಚೆನ್ನಾಗಿ ಗೊತ್ತಾಗಿದೆ. ಅದು ಈ ಪಂಪು.

ಇಂದು ಹೆಚ್ಚಾಗಿ ಬಳಸುವ ಔಷಧ ಮೀಥೈಲ್‌ಫೆನಿಡೇಟ್. ಇದನ್ನು 1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ರಸಾಯನ ವಿಜ್ಞಾನಿ ಲಿಯಾಂಡ್ರೊ ಪಾನಿಜೋನ್ ತಯಾರಿಸಿದರು. ಅವರ ಹೆಂಡತಿ ಟೆನಿಸ್ ಆಡುವ ಮೊದಲು ಇದನ್ನು ತೆಗೆದುಕೊಂಡು, ಆಟ ಚುರುಕಾಯಿತು ಎಂದರಂತೆ. ಅವರನ್ನು ಮನೆಯಲ್ಲಿ ರೀಟಾ ಎಂದು ಕರೆಯುತ್ತಿದ್ದರು. ಔಷಧಕ್ಕೆ ರಿಟಾಲಿನ್ ಎಂಬ ಹೆಸರು ಬಂದದ್ದು ಹಾಗೆ.

ಮೀಥೈಲ್‌ಫೆನಿಡೇಟ್ ಪಂಪಿನ ಬಾಯಿಗೆ ಅಡ್ಡ ಕೂರುತ್ತದೆ. ಆಗ ಡೋಪಮಿನ್ ಮತ್ತು ನಾರ್‌ಅಡ್ರಿನಲಿನ್ ಸಂದಿನಲ್ಲಿ ಇನ್ನಷ್ಟು ಹೊತ್ತು ಉಳಿಯುತ್ತವೆ. ಬ್ರಾಡ್ಲಿ ಕೊಟ್ಟ ಆಂಫೆಟಮಿನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅದು ಕೋಶದ ಒಳಹೊಕ್ಕು ಪಂಪನ್ನು ಹಿಮ್ಮುಖವಾಗಿ ಓಡಿಸುತ್ತದೆ. ನೀರು ಎಳೆಯಬೇಕಾದ ಪಂಪು ನೀರು ಬಿಡತೊಡಗುತ್ತದೆ!

ಈಗ ಒಗಟು ಬಿಡಿಸಬಹುದೇ? ಉತ್ತೇಜನ ಸಿಕ್ಕಿದ್ದು ಕುಣಿಯುವ ಕಾಲಿಗೆ ಅಲ್ಲ, ಹಣೆಯ ಹಿಂದಿನ ಬ್ರೇಕಿಗೆ. ವೈದ್ಯರು ಕೊಡುವಂಥ ಸಣ್ಣ ಪ್ರಮಾಣದಲ್ಲಿ ಈ ಔಷಧ ಮೆದುಳಿನ ಮುಂಭಾಗದ ಕೋಶಗಳಿಗೆ ತಮ್ಮ ಕೆಲಸ ಮಾಡಲು ಬಲ ಕೊಡುತ್ತದೆ. ಬೇಕಾದ ಸುದ್ದಿ ಜೋರಾಗಿ ಕೇಳುತ್ತದೆ, ಬೇಡದ ಗದ್ದಲ ತಗ್ಗುತ್ತದೆ. ಹಾಗೆಂದು ಹೆಚ್ಚು ಕೊಟ್ಟರೆ ಇನ್ನೂ ಒಳ್ಳೆಯದಾಗುತ್ತದೆ ಎಂದುಕೊಳ್ಳಬೇಡಿ. ನೀರು ಮಿತಿಮೀರಿ ನಿಂತರೆ ಬೇರು ಕೊಳೆಯುವುದಿಲ್ಲವೇ? ಡೋಪಮಿನ್ ಮತ್ತು ನಾರ್‌ಅಡ್ರಿನಲಿನ್ ಅತಿಯಾದರೂ ಇದೇ ಮುಂಭಾಗ ಕೆಲಸ ಕೆಡಿಸಿಕೊಳ್ಳುತ್ತದೆ.

ಇನ್ನು ಲೆಕ್ಕದ ಮಾತು. ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ನೋರಾ ವೋಲ್ಕೋವ್ ಎಂಬ ವಿಜ್ಞಾನಿಯ ತಂಡ 16 ಮಂದಿ ಆರೋಗ್ಯವಂತ ದೊಡ್ಡವರನ್ನು ಕರೆದು ಪ್ರಯೋಗ ಮಾಡಿತು. ಒಮ್ಮೆ ಮೀಥೈಲ್‌ಫೆನಿಡೇಟ್, ಒಮ್ಮೆ ಔಷಧವೇ ಇಲ್ಲದ ಹುಸಿ ಮಾತ್ರೆ. ಒಮ್ಮೆ ಲೆಕ್ಕ ಮಾಡುವುದು, ಒಮ್ಮೆ ಸುಮ್ಮನೆ ಚಿತ್ರ ನೋಡುತ್ತಾ ಕೂರುವುದು. ಮೆದುಳಿನ ಆಳದಲ್ಲಿ ಡೋಪಮಿನ್ ಎದ್ದು ಕಾಣುವಷ್ಟು ಹೆಚ್ಚಿದ್ದು ಔಷಧ ಮತ್ತು ಲೆಕ್ಕ ಎರಡೂ ಸೇರಿದಾಗ. ಆಗ ಲೆಕ್ಕ ಹೆಚ್ಚು ಆಸಕ್ತಿಕರವಾಗಿತ್ತು ಎಂದು ಅವರೇ ಹೇಳಿದರು. 2004ರಲ್ಲಿ ಪ್ರಕಟವಾದ ಈ ಫಲಿತಾಂಶ ಓದಿದಾಗ ನನಗೆ ಬ್ರಾಡ್ಲಿ ಹೋಮಿನ ಮಕ್ಕಳು ನೆನಪಾದರು. ಮಾತ್ರೆ ಲೆಕ್ಕ ಕಲಿಸಲಿಲ್ಲ. ಲೆಕ್ಕದ ಎದುರು ಕೂರುವುದನ್ನು ಸುಲಭ ಮಾಡಿತು. ಕಲಿತದ್ದು ಮಕ್ಕಳೇ.

ಮಾತ್ರೆಯ ಇನ್ನೊಂದು ಮುಖ

ನುಂಗಿದ ಸುಮಾರು ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಮಾತ್ರೆಯ ಪರಿಣಾಮ ಶುರುವಾಗುತ್ತದೆ. ಸಾಮಾನ್ಯ ಮಾತ್ರೆಯಾದರೆ ನಾಲ್ಕು ಗಂಟೆ ಇರುತ್ತದೆ. ನಿಧಾನವಾಗಿ ಕರಗುವ ಬಗೆಯಾದರೆ ಎಂಟರಿಂದ ಹನ್ನೆರಡು ಗಂಟೆ. ಅಷ್ಟೇ. ಅದು ಎ.ಡಿ.ಎಚ್.ಡಿ.ಯನ್ನು ವಾಸಿ ಮಾಡುವುದಿಲ್ಲ. ಕನ್ನಡಕ ಹಾಕಿಕೊಂಡಾಗ ಬೋರ್ಡು ಕಾಣುತ್ತದೆ, ತೆಗೆದರೆ ಮಸುಕಾಗುತ್ತದೆ, ಹಾಗೆ.

ತೊಂದರೆಗಳೂ ಇವೆ. ಹಸಿವು ಕಡಿಮೆಯಾಗುತ್ತದೆ. ರಾತ್ರಿ ನಿದ್ದೆ ತಡವಾಗಬಹುದು. ಹೊಟ್ಟೆನೋವು, ತಲೆನೋವು ಬರಬಹುದು. ನಾಡಿಬಡಿತ, ರಕ್ತದೊತ್ತಡ ಸ್ವಲ್ಪ ಏರಬಹುದು. ಬಹಳ ಕಾಲ ತೆಗೆದುಕೊಂಡವರಲ್ಲಿ ಎತ್ತರ ಬೆಳೆಯುವುದು ಕೊಂಚ ನಿಧಾನವಾಗಬಹುದು. ಅದಕ್ಕೇ ವೈದ್ಯರು ಪ್ರತಿ ಭೇಟಿಯಲ್ಲೂ ತೂಕ, ಎತ್ತರ, ನಾಡಿ ನೋಡುತ್ತಾರೆ. ಕೆಲವರಿಗೆ ಈ ಮಾತ್ರೆ ಒಗ್ಗುವುದಿಲ್ಲ. ಅವರಿಗೆ ಆಟಮಾಕ್ಸೆಟಿನ್‌ನಂಥ ಬೇರೆ ಬಗೆಯ ಔಷಧಗಳಿವೆ. ಆರು ವರ್ಷದೊಳಗಿನ ಮಕ್ಕಳಿಗೆ ಮೊದಲು ಮಾತ್ರೆ ಕೊಡುವುದಿಲ್ಲ. ಅವರನ್ನು ಹೇಗೆ ನಿಭಾಯಿಸಬೇಕೆಂದು ತಂದೆತಾಯಿಯರಿಗೇ ತರಬೇತಿ ಕೊಡುತ್ತಾರೆ.

ಪರೀಕ್ಷೆ ಹತ್ತಿರ ಬಂದಾಗ ಇನ್ನೊಬ್ಬರ ಮಾತ್ರೆ ನುಂಗಿದರೆ ಹೇಗೆ ಎಂಬ ಯೋಚನೆ ಯಾರಿಗಾದರೂ ಬಂದೀತು. ಬೇಡವೇ ಬೇಡ. ನಮ್ಮ ದೇಶದಲ್ಲಿ ಮೀಥೈಲ್‌ಫೆನಿಡೇಟ್ ಕಾನೂನಿನ ಹತೋಟಿಯಲ್ಲಿರುವ ಔಷಧ. ವೈದ್ಯರ ಚೀಟಿಯಿಲ್ಲದೆ ಅಂಗಡಿಯಲ್ಲಿ ಕೊಡುವಂತಿಲ್ಲ. ಬೇಕಾಬಿಟ್ಟಿ ಬಳಸಿದರೆ ಚಟವಾಗಬಹುದು, ಹೃದಯಕ್ಕೆ ಅಪಾಯವಾಗಬಹುದು.

ಇದನ್ನು ಓದಿ ನಿಮ್ಮ ಗೆಳೆಯನಿಗೋ ನಿಮಗೋ ಎ.ಡಿ.ಎಚ್.ಡಿ. ಇದೆ ಎಂದು ನೀವೇ ತೀರ್ಮಾನಿಸಬೇಡಿ. ಚಂಚಲತೆ ಎಲ್ಲ ಮಕ್ಕಳಲ್ಲೂ ಇರುತ್ತದೆ. ಕಿವಿ ಸರಿಯಾಗಿ ಕೇಳಿಸದಿದ್ದರೆ, ಬೋರ್ಡು ಕಾಣದಿದ್ದರೆ, ನಿದ್ದೆ ಸಾಲದಿದ್ದರೆ, ಮನೆಯಲ್ಲಿ ಏನೋ ಚಿಂತೆಯಿದ್ದರೆ ಕೂಡ ಗಮನ ನಿಲ್ಲುವುದಿಲ್ಲ. ಇದಕ್ಕೆ ರಕ್ತಪರೀಕ್ಷೆ ಇಲ್ಲ, ಮೆದುಳಿನ ಚಿತ್ರ ನೋಡಿ ಹೇಳುವುದೂ ಸಾಧ್ಯವಿಲ್ಲ. ಹನ್ನೆರಡು ವರ್ಷಕ್ಕೆ ಮೊದಲೇ ಶುರುವಾಗಿದೆಯೇ, ಆರು ತಿಂಗಳಿಗಿಂತ ಹೆಚ್ಚು ಕಾಲದಿಂದ ಇದೆಯೇ, ಶಾಲೆಯಲ್ಲೂ ಮನೆಯಲ್ಲೂ ಇದೆಯೇ ಎಂದೆಲ್ಲ ವೈದ್ಯರು ವಿಚಾರಿಸುತ್ತಾರೆ. ನಿಮ್ಮ ಶಾಲೆಗೆ ಆರೋಗ್ಯ ತಪಾಸಣೆಗೆ ಬರುವ ತಂಡವನ್ನು ನೋಡಿದ್ದೀರಲ್ಲವೇ? 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅದು. ಹಲ್ಲು, ಕಣ್ಣು, ಕಿವಿಯ ಜೊತೆಗೆ ಎ.ಡಿ.ಎಚ್.ಡಿ. ಕೂಡ ಅವರ ಪಟ್ಟಿಯಲ್ಲಿದೆ. ಟೀಚರ್‌ಗೆ ಹೇಳಿದರೆ ಅವರು ಆ ತಂಡಕ್ಕೆ ತಿಳಿಸಬಹುದು. ಮನೆಯವರು 14416ಕ್ಕೆ ಉಚಿತವಾಗಿ ಫೋನ್ ಮಾಡಿ ಕನ್ನಡದಲ್ಲೇ ಕೇಳಬಹುದು. ಇದು ಟೆಲಿ ಮಾನಸ್ ಎಂಬ ಸರ್ಕಾರಿ ಸೇವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗಾಗಿಯೇ ಮನೋವೈದ್ಯ ವಿಭಾಗವಿದೆ.

ಮಾತ್ರೆ ತೆಗೆದುಕೊಳ್ಳುವವರಿಗೂ ತೆಗೆದುಕೊಳ್ಳದವರಿಗೂ ತರಗತಿಯಲ್ಲಿ ಸಣ್ಣಪುಟ್ಟ ಅನುಕೂಲಗಳು ಬೇಕಾಗುತ್ತವೆ. ಕಿಟಕಿಯಿಂದ ದೂರ, ಮುಂದಿನ ಬೆಂಚು. ಹತ್ತು ಲೆಕ್ಕ ಒಟ್ಟಿಗೆ ಕೊಡುವ ಬದಲು ಮೂರು ಕೊಟ್ಟು, ನೋಡಿ, ಮತ್ತೆ ಮೂರು. ಪಕ್ಕದಲ್ಲಿ ಕೂರುವವರು “ಏಯ್, ನಾಲ್ಕನೇ ಸಾಲು ನೋಡೋ” ಎಂದು ಮೆಲ್ಲಗೆ ಹೇಳಿದರೂ ಆಯಿತು. ಬೋರ್ಡು ಒರೆಸುವುದು, ಸೀಮೆಸುಣ್ಣ ತರುವುದು, ಹಾಜರಿ ಪುಸ್ತಕ ಮುಖ್ಯೋಪಾಧ್ಯಾಯರ ಕೋಣೆಗೆ ಒಯ್ಯುವುದು, ಇವನ್ನು ಆ ಹುಡುಗನಿಗೇ ಬಿಟ್ಟರೆ ಎದ್ದು ಓಡಾಡಲು ಅವನಿಗೆ ಒಳ್ಳೆಯ ನೆಪ ಸಿಗುತ್ತದೆ. ಹಾಜರಿ ಪುಸ್ತಕ ಕೊಟ್ಟು ಬರುವಾಗ ಇರುವೆ ಸಾಲಿನ ಬಳಿ ನಿಂತಿದ್ದರೆ ಒಮ್ಮೆ ಹೋಗಿ ಕರೆದುಕೊಂಡು ಬನ್ನಿ.